ಲಿಂಕನ್ ಗೋಪುರದ ನೆರಳಿನಲ್ಲಿ ಆರು ದಿನದ ರಜೆ

ಪೂರ್ವ ಇಂಗ್ಲೆಂಡಿನ ಲಿಂಕನ್‌ಷೈರ್ ಬಹುಮಟ್ಟಿಗೆ ಬಯಲು ನಾಡು. ಕಣ್ಣು ಹಾಯುವವರೆಗೂ ಹೊಲಗಳು; ಅವುಗಳ ಆಚೆ, ದಿಬ್ಬದ ನೆತ್ತಿಯಲ್ಲಿ, ಲಿಂಕನ್ ಪಟ್ಟಣದ ಕೆಥೀಡ್ರಲ್. ಅದರ ನಡುಗೋಪುರದ ಎತ್ತರ 271 ಅಡಿ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಮೇಲೆ ದಾಳಿ ನಡೆಸಿ ಬೆಳಗಿನ ಜಾವ ಮರಳುತ್ತಿದ್ದ ವೈಮಾನಿಕರು ಈ ಗೋಪುರವನ್ನು ಕಂಡೊಡನೆ ನೆಮ್ಮದಿಯ ಉಸಿರು ಬಿಡುತ್ತಿದ್ದರು.

ಲಂಕಾಸ್ಟರ್ ವಿಮಾನದಲ್ಲಿ ಏಳು ಮಂದಿ. ಬಹುತೇಕರು ಇಪ್ಪತ್ತರ ಆಸುಪಾಸಿನ ತರುಣರು. ಸಾಮಾನ್ಯವಾಗಿ 30 ದಾಳಿಗಳನ್ನು ಮುಗಿಸಿದವರಿಗೆ ಸುಮಾರು ಆರು ತಿಂಗಳು ಯುದ್ಧದಿಂದ ಬಿಡುವು. ಆಗ ಅವರು ಹೊಸಬರಿಗೆ ಪಾಠ ಹೇಳಬೇಕಾಗಿತ್ತು. ತರಬೇತಿಯ ಅಪಘಾತಗಳಲ್ಲಿಯೂ ಸಾವಿರಾರು ಜನ ಮಡಿದುದರಿಂದ ಆ ವಿಶ್ರಾಂತಿಯೂ ನಿರಾತಂಕವಾಗಿರಲಿಲ್ಲ.

ದಾಳಿಗಳ ನಡುವೆ ಮೋಡ ಕವಿದು ಹಾರಾಟ ರದ್ದಾದ ಸಂಜೆಯೇ ಸಣ್ಣ ಹಬ್ಬ. ಸೈಕಲ್ಲಿನಲ್ಲೋ ಬಸ್ಸಿನಲ್ಲೋ ಪಟ್ಟಣ ಸೇರಿದವರು ಸ್ಟೋನ್‌ಬೋ ಹೆಬ್ಬಾಗಿಲ ಪಕ್ಕದ ಸ್ಯಾರಸೆನ್ಸ್ ಹೆಡ್ ಹೋಟೆಲಿನಲ್ಲಿ ನೆರೆಯುತ್ತಿದ್ದರು. ವೈಮಾನಿಕರು ಅದಕ್ಕೆ ಇಟ್ಟ ಹೆಸರು ‘ಹಾವಿನ ಹೊಂಡ’!

ನಿಜವಾದ ರಜೆ ಸುಮಾರು ಆರು ವಾರಗಳಿಗೊಮ್ಮೆ, ಆರು ದಿನ. ಕೈಯಲ್ಲಿ ರೈಲಿನ ಉಚಿತ ಪಾಸು. ಲಂಡನ್ನಿನ ಹುಡುಗ ಅಂದೇ ಮನೆ ಸೇರುವನು. ಸ್ಕಾಟ್ಲೆಂಡಿನ ಮೂಲೆಯವನಿಗೆ ಪ್ರಯಾಣದಲ್ಲಿಯೇ ರಜೆ ಕರಗುವುದು. ಸಾಗರದಾಚೆಯ ಕೆನಡಾ, ಆಸ್ಟ್ರೇಲಿಯಗಳ ತರುಣರನ್ನು ಪರಿಚಯವಿಲ್ಲದ ಇಂಗ್ಲಿಷ್ ಸಂಸಾರಗಳು ಮನೆಗೆ ಕರೆದು ಉಪಚರಿಸುತ್ತಿದ್ದವು.

ಈ ರಜೆಗೊಂದು ಸರದಿಯಿತ್ತು. ಪಟ್ಟಿಯಲ್ಲಿ ಮುಂದಿದ್ದ ತಂಡ ದಾಳಿಯಿಂದ ಹಿಂದಿರುಗದಿದ್ದರೆ ಅದರ ಹಿಂದಿನವರು ಮೇಲಕ್ಕೇರುತ್ತಿದ್ದರು. ಎಣಿಸಿದುದಕ್ಕಿಂತ ಬೇಗ ರಜೆ ಬಂದಿತೆಂದರೆ ಪಕ್ಕದ ಹಾಸಿಗೆಗಳು ಬರಿದಾದವೆಂದೇ ಅರ್ಥ. ಮಗ ಬೇಗ ಬಂದನೆಂದು ಹಿಗ್ಗುತ್ತ ಬಾಗಿಲು ತೆರೆದ ತಾಯಿಗೆ ಇದನ್ನು ಹೇಗೆ ಹೇಳುವುದು?

ಪಟ್ಟಣದ ದಕ್ಷಿಣಕ್ಕೆ ಕ್ಯಾನ್‌ವಿಕ್ ಗುಡ್ಡದ ಮೇಲೆ 2018ರಲ್ಲಿ ಸ್ಮಾರಕ ಕೇಂದ್ರವೊಂದು ತೆರೆಯಿತು. ಅಲ್ಲಿನ ಉಕ್ಕಿನ ಸ್ತಂಭದ ಎತ್ತರ 102 ಅಡಿ. ಲಂಕಾಸ್ಟರ್ ವಿಮಾನದ ರೆಕ್ಕೆಗಳ ಹರವೂ ಅಷ್ಟೇ. ಸುತ್ತಲಿನ ಗೋಡೆಗಳಲ್ಲಿ ಸುಮಾರು 58 ಸಾವಿರ ಹೆಸರುಗಳಿವೆ. ಬಾಂಬುಗಳ ಕೆಳಗೆ ಮಡಿದ ಜರ್ಮನ್ ನಾಗರಿಕರ ಕಥೆಯನ್ನೂ ಆ ಕೇಂದ್ರವು ಮರೆತಿಲ್ಲ.

ಗೋಡೆಗಳ ನಡುವೆ ನಿಂತು ಉತ್ತರಕ್ಕೆ ನೋಡಿದರೆ, ಕಣಿವೆಯಾಚೆ, ಅದೇ ಗೋಪುರ. ಹೆಸರಿನ ಮೇಲೆ ಬೆರಳಾಡಿಸಿದ ಸಂದರ್ಶಕರು ಒಂದು ಗಳಿಗೆ ಅತ್ತ ತಿರುಗುತ್ತಾರೆ. ತಮ್ಮವರು ಕೊನೆಯ ಸಂಜೆ ಬಿಟ್ಟುಹೋದ ಹೆಗ್ಗುರುತು ಅದು.