ಹಳೆಯ ಗೇರ್‌ಬಾಕ್ಸು, ಹೊಸ ಎಂಜಿನ್ನು

ವೀರನಹೊಸಹಳ್ಳಿ ಎಂದೊಡನೆ ಪತ್ರಿಕೆ ಓದುವವರಿಗೆ ನೆನಪಾಗುವುದು ದಸರಾ ಗಜಪಯಣ. ಪೂಜೆ ಮಾಡಿಸಿಕೊಂಡು, ಬೆಲ್ಲ ಕಬ್ಬು ತಿಂದು ಮೈಸೂರಿಗೆ ಹೊರಡುವ ಆನೆಗಳ ಚಿತ್ರ ಪ್ರತಿವರ್ಷ ಅಚ್ಚಾಗುತ್ತದೆ. ಆ ಚಿತ್ರದಲ್ಲಿ ಮಾವುತನ ಕಾಲುಗಳನ್ನು ಗಮನಿಸಿದ್ದೀರಾ? ಅವು ಆನೆಯ ಕಿವಿಗಳ ಹಿಂದೆ ಅಡಗಿರುತ್ತವೆ. ಕಾಲ್ಬೆರಳಿನ ಒತ್ತಡದಿಂದಲೇ ಆತ ಅಷ್ಟು ದೊಡ್ಡ ಪ್ರಾಣಿಗೆ ನಡೆ, ನಿಲ್ಲು, ತಿರುಗು ಎಂದು ಹೇಳುತ್ತಾನೆ.

ಆ ಒಂದು ದಿನ ಬಿಟ್ಟರೆ ಉಳಿದ ದಿನಗಳಲ್ಲಿ ನಮ್ಮ ರಸ್ತೆಯಲ್ಲಿ ಭಾರ ಹೊರುವುದು ಪಿಕಪ್ ವಾಹನಗಳು. ಹೊಗೆಸೊಪ್ಪಿನ ಬೇಲು, ಶುಂಠಿ ಮೂಟೆ, ಬಾಳೆಗೊನೆ ಎಲ್ಲಕ್ಕೂ ಅವೇ ಗತಿ. ಅವುಗಳ ಚಾಲಕನಿಗೂ ಕಾಲೇ ಮುಖ್ಯ. ಬಲಗಾಲಿಗೆ ಬ್ರೇಕು ಮತ್ತು ಆಕ್ಸಿಲರೇಟರು, ಎಡಗಾಲಿಗೆ ಕ್ಲಚ್ಚು. ಆ ಎಡಗಾಲೇ ಕೈಕೊಟ್ಟರೆ?

ನಮ್ಮ ಕಡೆಯ ರೈತರೊಬ್ಬರಿಗೆ ಆದದ್ದು ಇದೇ. ಬ್ಯಾರನ್ನಿನ ಮೇಲಿನ ಅಂತಸ್ತಿಗೆ ಸೊಪ್ಪಿನ ಕಡ್ಡಿ ಏರಿಸುವಾಗ ಜಾರಿ ಬಿದ್ದರು. ಜೀವ ಉಳಿಯಿತು. ಆದರೆ ಎಡಗಾಲಿನ ಮೊಣಕಾಲಿನಿಂದ ಕೆಳಗೆ ಬಲವಿಲ್ಲ. ಕೋಲು ಊರಿ ನಡೆಯುತ್ತಾರೆ, ಬಲಗಾಲು ಗಟ್ಟಿಯಾಗಿದೆ, ಕ್ಲಚ್ ತುಳಿಯಲಾರರು. ಮನೆಯಲ್ಲಿದ್ದ ಪಿಕಪ್ಪನ್ನು ಮಗ ಓಡಿಸತೊಡಗಿದ. ಅವನು ನನ್ನ ಹಳೆಯ ವಿದ್ಯಾರ್ಥಿ, ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದ. ಕಟ್ಟೆಮಳಲವಾಡಿಯಲ್ಲಿ ಹೊಗೆಸೊಪ್ಪಿನ ಹರಾಜು ನಡೆಯುವ ತಿಂಗಳುಗಳಲ್ಲಿ ಕಾಲೇಜಿನಲ್ಲಿ ಅವನ ಹಾಜರಿ ಕುಸಿಯಿತು. ಬಾಡಿಗೆಯ ರುಚಿಯೂ ಹತ್ತಿತು. ತಂದೆ ನನ್ನ ಬಳಿ ಬಂದು ಹೇಳಿದರು: “ಮೇಷ್ಟ್ರೇ, ನನ್ ಕಾಲು ಹೆಂಗಾರ ಇರ್ಲಿ. ಇವ್ನು ಸ್ಟೇರಿಂಗ್ ಹಿಡ್ದು ಕುಂತ್ಬುಟ್ರೆ ಮತ್ತೆ ಪುಸ್ತಕ ಹಿಡಿಯಾಕಿಲ್ಲ.”

ತಂದೆ ಮತ್ತೆ ಗಾಡಿ ಓಡಿಸುವಂತಾದರೆ ಮಗ ಕಾಲೇಜಿಗೆ ಹೋಗಬಹುದು. ಅದಕ್ಕೆ ಬೇಕಾದದ್ದು ಕ್ಲಚ್ ಇಲ್ಲದ ಗಾಡಿ. ಹೊಸದಾಗಿ ಆಟೊಮ್ಯಾಟಿಕ್ ಪಿಕಪ್ ಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ಪರಿಚಯದ ಗ್ಯಾರೇಜ್ ಮೇಸ್ತ್ರಿ ಒಂದು ಉಪಾಯ ಹೇಳಿದರು. ಬೆಂಗಳೂರಿನ ಗುಜರಿಯಲ್ಲಿ ಹಳೆಯ ವಿದೇಶಿ ಪೆಟ್ರೋಲ್ ಜೀಪೊಂದರ ಮೂರು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸು ಇದೆ. ಅದನ್ನು ತಂದು ಈ ಡೀಸೆಲ್ ಪಿಕಪ್ಪಿಗೆ ಕೂರಿಸಿದರೆ ಹೇಗೆ?

ಕೇಳಿದವರು ನಕ್ಕರು. ನನಗೆ ನಗು ಬರಲಿಲ್ಲ. ನಮ್ಮ ಸೀಮೆಗೆ ಇಂಥ ಕಸಿ ಹೊಸದಲ್ಲ. 1947ರಲ್ಲಿ ಮಹೀಂದ್ರಾದವರು ವಿಲ್ಲಿಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸಲು ಆರಂಭಿಸಿದರು. ಆ ವಂಶದ ಪೆಟ್ರೋಲ್ ಜೀಪುಗಳು ಕೊಡಗಿನ ತೋಟಗಳಲ್ಲೂ ನಮ್ಮ ಕಾಡಂಚಿನ ಊರುಗಳಲ್ಲೂ ದಶಕಗಟ್ಟಲೆ ದುಡಿದವು. ಪೆಟ್ರೋಲ್ ದುಬಾರಿಯಾದಾಗ ಅವುಗಳಿಗೆ ಮ್ಯಾಟಡೋರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸಿ ಓಡಿಸಿದವರು ಎಷ್ಟೋ ಮಂದಿ. ಆದರೆ ಅಲ್ಲಿ ಹಳೆಯ ಗಾಡಿಗೆ ಹೊಸ ಎಂಜಿನ್ ಬಂತು, ಇಲ್ಲಿ ಹೊಸ ಎಂಜಿನ್ನಿಗೆ ಹಳೆಯ ಗೇರ್‌ಬಾಕ್ಸು ಬರಬೇಕಿತ್ತು.

ಹಳೆಯದೇ ಏಕೆ ಎಂದು ನೀವು ಕೇಳಬಹುದು. ಇಂದಿನ ಆಟೊಮ್ಯಾಟಿಕ್ ಗೇರ್‌ಬಾಕ್ಸು ಕಂಪ್ಯೂಟರಿನ ಅಪ್ಪಣೆಯಿಲ್ಲದೆ ಒಂದು ಗೇರನ್ನೂ ಬದಲಿಸುವುದಿಲ್ಲ. ತನ್ನದೇ ಎಂಜಿನ್ನಿನ ಕಂಪ್ಯೂಟರು ಸಿಗದಿದ್ದರೆ ಅದು ಕಬ್ಬಿಣದ ಮುದ್ದೆ. ಹಳೆಯದು ಹಾಗಲ್ಲ. ಯಾವಾಗ ಯಾವ ಗೇರು ಎಂಬ ತೀರ್ಮಾನವನ್ನು ಒಳಗಿರುವ ಎಣ್ಣೆಯ ಒತ್ತಡದಿಂದಲೇ ಮಾಡುತ್ತದೆ. 1939ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಂಪನಿ ಹೈಡ್ರಾಮ್ಯಾಟಿಕ್ ಎಂಬ ಹೆಸರಿನಲ್ಲಿ ಪರಿಚಯಿಸಿದ ಗೇರ್‌ಬಾಕ್ಸಿನಿಂದ ಹಿಡಿದು ಎಷ್ಟೋ ವರ್ಷ ಇವು ತಂತಿಯ ನೆರವಿಲ್ಲದೆ ಹೀಗೆಯೇ ಕೆಲಸ ಮಾಡಿದವು.

ಕ್ಲಚ್ಚಿನ ಜಾಗದಲ್ಲಿ ಇಲ್ಲಿರುವುದು ಟಾರ್ಕ್ ಕನ್ವರ್ಟರ್. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ಮಾತ್ರ ಚಾಲೂ ಮಾಡಿ. ಅದರ ಗಾಳಿಗೆ ಇನ್ನೊಂದರ ರೆಕ್ಕೆ ತಾನೇ ತಿರುಗುತ್ತದೆ. ಗಾಳಿಯ ಬದಲು ಎಣ್ಣೆ, ಬಯಲಿನ ಬದಲು ಮುಚ್ಚಿದ ಉಕ್ಕಿನ ಬುರುಡೆ, ನಡುವೆ ಎಣ್ಣೆಯ ದಿಕ್ಕು ತಿರುಗಿಸಲು ಮೂರನೆಯ ಚಕ್ರ. ಇದೇ ಟಾರ್ಕ್ ಕನ್ವರ್ಟರ್. ಇದರ ಮೂಲ ಕಲ್ಪನೆಗೆ ಜರ್ಮನಿಯ ಹೆರ್ಮನ್ ಫಟಿಂಗರ್ 1905ರಲ್ಲಿ ಪೇಟೆಂಟ್ ಪಡೆದದ್ದು ಹಡಗುಗಳಿಗಾಗಿ. ಗಾಡಿ ನಿಂತಲ್ಲಿಂದ ಹೊರಡುವಾಗ ಇದು ತಿರುಗುಬಲವನ್ನು ಸುಮಾರು ಎರಡು ಪಟ್ಟು ಮಾಡಿ ಕೊಡುತ್ತದೆ.

ಮೊದಲು ಲೆಕ್ಕ ಹಾಕಿದೆವು. ಪಿಕಪ್ಪಿನ 2523 ಸಿಸಿ ಎಂಜಿನ್ನು 1400ರಿಂದ 2200 ಸುತ್ತಿನೊಳಗೆ ಸುಮಾರು 200 ನ್ಯೂಟನ್ ಮೀಟರ್ ತಿರುಗುಬಲ ಕೊಡುತ್ತದೆ. ಕೈಯಿಂದ ಹಾಕುವ ಗೇರ್‌ಬಾಕ್ಸಿನಲ್ಲಿ ಒಂದನೆಯ ಗೇರು ಅದನ್ನು ಸುಮಾರು ನಾಲ್ಕು ಪಟ್ಟು ಮಾಡುತ್ತದೆ. ಹಳೆಯ ಆಟೊಮ್ಯಾಟಿಕ್ಕಿನ ಒಂದನೆಯ ಗೇರು ಬರೀ ಎರಡೂವರೆ ಪಟ್ಟು. ಸಾಲದಲ್ಲ ಎಂದು ಹುಡುಗ ಮುಖ ಸಪ್ಪೆ ಮಾಡಿದ. ಕನ್ವರ್ಟರಿನ ಎರಡು ಪಟ್ಟನ್ನು ಅದಕ್ಕೆ ಗುಣಿಸು ಎಂದೆ. ಐದಾಯಿತು. ಅಂದರೆ ಭಾರ ಹೊತ್ತು ದಿಣ್ಣೆಯಲ್ಲಿ ಹೊರಡಲು ತೊಂದರೆಯಿಲ್ಲ. ಆದರೆ ಐದನೆಯ ಗೇರಿನ ಅನುಕೂಲ ಇರುವುದಿಲ್ಲವಾದ್ದರಿಂದ ಹೆದ್ದಾರಿಯಲ್ಲಿ ಡೀಸೆಲ್ ಹೆಚ್ಚು ಕುಡಿಯುತ್ತದೆ. ಇದನ್ನು ಮೊದಲೇ ತಂದೆಗೆ ತಿಳಿಸಿದೆವು. ಒಪ್ಪಿದರು.

ಎಂಜಿನ್ನಿನ ಬೋಲ್ಟುಗಳ ಜಾಗ ಬೇರೆ, ಗೇರ್‌ಬಾಕ್ಸಿನದು ಬೇರೆ. ನಡುವೆ ಕೂರುವ ದಪ್ಪ ತಟ್ಟೆಯೊಂದನ್ನು ಮೈಸೂರಿನಲ್ಲಿ ಲೇತ್ ಹಿಡಿಸಿ ಮಾಡಿಸಿದ್ದಾಯಿತು. ಎರಡರ ನಡುಗೆರೆ ಕೂದಲೆಳೆಯಷ್ಟು ಆಚೀಚೆಯಾದರೂ ಎಣ್ಣೆ ಪಂಪಿನ ಬುಷ್ ಸವೆದುಹೋಗುತ್ತದೆ. ಡಯಲ್ ಗೇಜ್ ಇಟ್ಟು, ತಿರುಗಿಸಿ, ಬಿಚ್ಚಿ, ಮತ್ತೆ ಕೂರಿಸಿ ಎರಡು ವಾರ ಕಳೆಯಿತು. ಪ್ರೊಪೆಲ್ಲರ್ ಶಾಫ್ಟಿನ ಉದ್ದ ಬದಲಿಸಿ ಬ್ಯಾಲೆನ್ಸ್ ಮಾಡಿಸಿದೆವು. ಹಳೆ ಗೇರ್‌ಬಾಕ್ಸಿನಲ್ಲಿದ್ದ ವೇಗದ ಸೆನ್ಸರನ್ನು ಹೊಸ ಜಾಗಕ್ಕೆ ತಂದೆವು. “ಬೋಲ್ಟು ಕೂತ್ರೆ ಗಾಡಿ ಓಡುತ್ತೆ ಸಾರ್” ಎಂದು ಮೇಸ್ತ್ರಿ ಕೈ ಒರೆಸಿಕೊಂಡರು.

ಅರ್ಧ ಕೆಲಸ ಮುಗಿದಿತ್ತು, ಅಷ್ಟೆ. ಗೇರ್‌ಬಾಕ್ಸಿಗೆ ಎರಡು ಸುದ್ದಿ ಗೊತ್ತಾಗಬೇಕು: ಗಾಡಿ ಎಷ್ಟು ವೇಗದಲ್ಲಿದೆ, ಎಂಜಿನ್ ಎಷ್ಟು ಕಷ್ಟಪಡುತ್ತಿದೆ. ಮಾವುತನ ಕಾಲ್ಬೆರಳಿನ ಸಂಜ್ಞೆಯ ಹಾಗೆ ಇದು. ತಪ್ಪು ಸುದ್ದಿ ಹೋದರೆ ತಪ್ಪು ನಡೆ.

ವೇಗದ ಸುದ್ದಿಯನ್ನು ಕೊಡುವುದು ಗವರ್ನರು. ತಿರುಗುವ ತೂಕಗಳು ಹೊರಕ್ಕೆ ಚಿಮ್ಮಿ ಎಣ್ಣೆಯ ದಾರಿ ತೆರೆಯುತ್ತವೆ. ಜೇಮ್ಸ್ ವಾಟ್ 1788ರಲ್ಲಿ ಉಗಿ ಎಂಜಿನ್ನಿಗೆ ಹಾಕಿದ ಉಪಕರಣದ ಮೊಮ್ಮಗನಿದು. ಪೆಟ್ರೋಲ್ ಜೀಪಿನಲ್ಲಿ ಪೆಡಲ್ ಪೂರ್ತಿ ಒತ್ತಿದಾಗ 4500 ಸುತ್ತಿಗೆ ಗೇರು ಬದಲಾಗುವಂತೆ ಇದನ್ನು ಹೊಂದಿಸಿದ್ದರು. ನಮ್ಮ ಡೀಸೆಲ್ ಎಂಜಿನ್ನಿನ ಪೂರ್ಣ ಶಕ್ತಿ ಬರುವುದೇ 3200 ಸುತ್ತಿಗೆ. ಹಾಗೇ ಬಿಟ್ಟರೆ ಎಂಜಿನ್ ಕಿರುಚುತ್ತದೆ, ಗೇರು ಮಾತ್ರ ಬದಲಾಗುವುದಿಲ್ಲ. 3000ಕ್ಕೆ ಬದಲಾಗಬೇಕು, ಏನು ಮಾಡೋಣ ಎಂದು ಹುಡುಗನನ್ನು ಕೇಳಿದೆ. ಗ್ಯಾರೇಜಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ: ಹೊರಕ್ಕೆ ಎಳೆಯುವ ಬಲ ವೇಗದ ವರ್ಗಕ್ಕೆ ಅನುಗುಣ. ವೇಗ ಮೂರರಲ್ಲಿ ಎರಡು ಭಾಗವಾದರೆ ಬಲ ಒಂಬತ್ತರಲ್ಲಿ ನಾಲ್ಕು ಭಾಗ. ಆದ್ದರಿಂದ ತೂಕ ಎರಡೂಕಾಲು ಪಟ್ಟು ಆಗಬೇಕು, ಇಲ್ಲವೇ ಸ್ಪ್ರಿಂಗು ಅಷ್ಟೇ ಪ್ರಮಾಣದಲ್ಲಿ ಮೆತ್ತಗಾಗಬೇಕು. ತೂಕವನ್ನು ಕೊಂಚ ಹೆಚ್ಚಿಸಿ, ಸ್ಪ್ರಿಂಗನ್ನು ಕೊಂಚ ಮೆತ್ತಗೆ ಮಾಡಿ, ನಾಲ್ಕೈದು ಸಲ ನೋಡಿ ಹೊಂದಿಸಿದರು. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಉರುಹೊಡೆದಿದ್ದ ಸೂತ್ರ ಹೀಗೆ ಉಪಯೋಗಕ್ಕೆ ಬಂದದ್ದನ್ನು ಕಂಡು ಅವನಿಗಿಂತ ನನಗೇ ಹೆಚ್ಚು ಹಿಗ್ಗಾಯಿತು.

ಎರಡನೆಯ ಸುದ್ದಿಯದೇ ನಿಜವಾದ ತೊಡಕು. ಪೆಟ್ರೋಲ್ ಎಂಜಿನ್ನಿನ ಗಾಳಿದಾರಿಯಲ್ಲಿ ಒಂದು ತಟ್ಟೆ ಇರುತ್ತದೆ. ಪೆಡಲ್ ಬಿಟ್ಟಾಗ ಅದು ಮುಚ್ಚಿಕೊಂಡು ಒಳಗೆ ನಿರ್ವಾತ ಉಂಟಾಗುತ್ತದೆ. ವಾಯುಮಂಡಲದ ಒತ್ತಡ 760 ಮಿಲಿಮೀಟರ್ ಪಾದರಸವಾದರೆ ಇದು ಅದಕ್ಕಿಂತ 450ರಿಂದ 500ರಷ್ಟು ಕಡಿಮೆ. ಪೆಡಲ್ ಪೂರ್ತಿ ಒತ್ತಿದರೆ ನಿರ್ವಾತ ಮಾಯ. ಈ ಏರಿಳಿತವನ್ನು ಸಣ್ಣ ರಬ್ಬರ್ ಕೊಳವೆಯ ಮೂಲಕ ಹೀರಿ ಹಳೆಯ ಗೇರ್‌ಬಾಕ್ಸು ಎಂಜಿನ್ನಿನ ಶ್ರಮವನ್ನು ಅರಿಯುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ವೇಗ ನಿಯಂತ್ರಿಸುವುದು ಗಾಳಿಯಲ್ಲ, ಇಂಧನದ ಪ್ರಮಾಣ. ಅಂಥ ನಿರ್ವಾತ ಅಲ್ಲಿಲ್ಲ. ಬ್ರೇಕಿನ ಸಹಾಯಕ್ಕೆಂದು ಆಲ್ಟರ್ನೇಟರಿನ ಹಿಂದೆ ಪ್ರತ್ಯೇಕ ನಿರ್ವಾತ ಪಂಪು ಇಟ್ಟಿರುತ್ತಾರೆ.

ಮೇಸ್ತ್ರಿ ಕೊಳವೆಯನ್ನು ಆ ಪಂಪಿಗೆ ಸೇರಿಸಿದರು. ಹಿಂದಿನ ಚಕ್ರಗಳನ್ನು ಎತ್ತಿ ನಿಲ್ಲಿಸಿ ಎಂಜಿನ್ ಚಾಲೂ ಮಾಡಿದರೆ ಗೇರುಗಳು ಪಟಪಟನೆ ಬದಲಾದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಹುಡುಗ ಮಾತ್ರ ನಿರ್ವಾತದ ಗೇಜನ್ನೇ ನೋಡುತ್ತಿದ್ದ. “ಸಾರ್, ಪೆಡಲ್ ಒತ್ತಿದ್ರೂ ಮುಳ್ಳು ಅಲ್ಲಾಡ್ತಾನೇ ಇಲ್ಲ” ಎಂದ. ಅವನ ಮಾತು ನಿಜ. ಪಂಪಿನ ನಿರ್ವಾತ ಸದಾ ಒಂದೇ ಸಮ. ಎಂಜಿನ್ನು ಭಾರ ಎಳೆಯುತ್ತ ಏದುಸಿರು ಬಿಡುತ್ತಿದ್ದರೂ ಗೇರ್‌ಬಾಕ್ಸಿಗೆ ಹೋಗುವ ಸುದ್ದಿ “ನಾನು ಆರಾಮಾಗಿದ್ದೇನೆ” ಎಂದೇ. ಅದನ್ನು ನಂಬಿ ಗೇರ್‌ಬಾಕ್ಸು ಎಣ್ಣೆಯ ಒತ್ತಡವನ್ನು ತಗ್ಗಿಸಿರುತ್ತದೆ. ಖಾಲಿ ಚಕ್ರ ತಿರುಗುವಾಗ ಇದು ತಿಳಿಯದು. ಒಂದೂವರೆ ಟನ್ ಹೊತ್ತು ಏರು ಹತ್ತುವಾಗ ಒಳಗಿನ ಕ್ಲಚ್ ಬಿಲ್ಲೆಗಳು ಜಾರಿ ಸುಟ್ಟು ಕರಕಲಾಗುತ್ತವೆ.

ಪರಿಹಾರ ಹಳೆಯ ಕಾಲದ ಡೀಸೆಲ್ ಆಟೊಮ್ಯಾಟಿಕ್ ಕಾರುಗಳಲ್ಲೇ ಇತ್ತು. ಅವುಗಳಲ್ಲಿ ಡೀಸೆಲ್ ಪಂಪಿನ ಸನ್ನೆಗೆ ಒಂದು ಕವಾಟ ಜೋಡಿಸಿ, ಪೆಡಲ್ ಒತ್ತಿದಷ್ಟೂ ನಿರ್ವಾತ ಸೋರುವಂತೆ ಮಾಡಿದ್ದರು. ನಮ್ಮ ಹೊಸ ಎಂಜಿನ್ನಿನಲ್ಲಿ ಅಂಥ ಸನ್ನೆ ಇಲ್ಲ. ಪೆಡಲಿನಿಂದ ಎಂಜಿನ್ನಿಗೆ ಹೋಗುವುದು ಬರೀ ವಿದ್ಯುತ್ ಸಂಕೇತ. ಆದ್ದರಿಂದ ಪೆಡಲಿನ ತೋಳಿಗೇ ತೆಳುವಾದ ಕೇಬಲ್ ಕಟ್ಟಿ ಕವಾಟವನ್ನು ಎಳೆಯುವಂತೆ ಮಾಡಿದರು. ಬ್ರೇಕಿನ ಪಾಲಿನ ನಿರ್ವಾತ ಕಡಿಮೆಯಾಗಬಾರದೆಂದು ಒಮ್ಮುಖ ಕವಾಟವಿರುವ ಬೇರೆಯೇ ಡಬ್ಬಿ ಇಟ್ಟರು. ಈಗ ಪೆಡಲ್ ಒತ್ತಿದಂತೆ ಮುಳ್ಳು ಇಳಿಯಿತು, ಬಿಟ್ಟಂತೆ ಏರಿತು. ಒಬ್ಬರಿಗೊಬ್ಬರ ಭಾಷೆ ಬಾರದ ಎರಡು ಯಂತ್ರಗಳ ನಡುವೆ ಒಂದು ಕೇಬಲ್ ದುಭಾಷಿಯಾಯಿತು.

ಕನ್ವರ್ಟರಿನೊಳಗೆ ಎಣ್ಣೆ ಜಾರಿದಷ್ಟೂ ಶಾಖ. 80–90 ಡಿಗ್ರಿ ಸೆಲ್ಸಿಯಸ್ ಇದ್ದರೆ ಎಣ್ಣೆಗೆ ಕ್ಷೇಮ. 120 ದಾಟಿದರೆ ಬೇಗ ಕೆಡುತ್ತದೆ. ರೇಡಿಯೇಟರಿನ ಮುಂದೆ ಎಣ್ಣೆಗೆಂದೇ ಕೂಲರ್ ಕಟ್ಟಿ, ಡ್ಯಾಶ್‌ಬೋರ್ಡಿನಲ್ಲಿ ಉಷ್ಣತೆಯ ಗೇಜ್ ಇಟ್ಟದ್ದಾಯಿತು. ಗೇರು ಹಾಕಿದ್ದಾಗ ಸೆಲ್ಫ್ ಹೊಡೆಯದಂತೆ ಸ್ವಿಚ್ ಹಾಕದೆ ಗಾಡಿ ಹೊರಡುವಂತಿಲ್ಲ ಎಂದು ನಾನು ಹಟ ಹಿಡಿದೆ. ಅದೂ ಆಯಿತು.

ಇನ್ನು ಕಾನೂನಿನ ಮಾತು. ಇದನ್ನು ಓದಿ ಯಾರೂ ಸ್ಪ್ಯಾನರು ಹಿಡಿದು ಹೊರಡಬಾರದು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಾಹನದ ಮಾರ್ಪಾಡಿಗೆ ಕಡಿವಾಣ ಹಾಕಿದೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಅಂಗವೈಕಲ್ಯ ಇರುವವರ ಬಳಕೆಗೆಂದು ಮಾಡುವ ಮಾರ್ಪಾಡಿಗೆ ಕಾಯ್ದೆಯಲ್ಲೇ ಪ್ರತ್ಯೇಕ ಅವಕಾಶವಿದೆ. ಆದರೆ ಅದಕ್ಕೆ ನೋಂದಣಿ ಅಧಿಕಾರಿಯ ಒಪ್ಪಿಗೆ ಬೇಕು, ಚಾಲಕನ ಲೈಸೆನ್ಸಿಗೂ ತಕ್ಕ ನಮೂದು ಬೇಕು. ವೈದ್ಯರ ಪ್ರಮಾಣಪತ್ರ ಮತ್ತು ಹುಡುಗ ಬರೆದ ನಕ್ಷೆಗಳೊಂದಿಗೆ ಅರ್ಜಿ ಹೋಗಿದೆ. ಒಪ್ಪಿಗೆ ಬರುವವರೆಗೆ ಗಾಡಿ ರಸ್ತೆಗಿಳಿಯುವುದಿಲ್ಲ.

ಗ್ಯಾರೇಜಿನಿಂದ ಹೊಲಕ್ಕೂ ಅದನ್ನು ಟ್ರ್ಯಾಕ್ಟರಿಗೆ ಕಟ್ಟಿಯೇ ಎಳೆತಂದರು, ಅದೂ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ. ಎಂಜಿನ್ ತಿರುಗದೆ ಎಣ್ಣೆ ಪಂಪು ತಿರುಗದು, ಎಣ್ಣೆ ಹರಿಯದೆ ಚಕ್ರಗಳು ಮಾತ್ರ ತಿರುಗಿದರೆ ಒಳಗಿನ ಭಾಗಗಳು ಒಣಗಿ ಹಾಳಾಗುತ್ತವೆ.

ಹೊಲದಲ್ಲಿ 750 ಕಿಲೋ ಮರಳುಮೂಟೆ ಹೇರಿದೆವು. ಚಿನ್ನದ ಅಂಬಾರಿಯ ತೂಕವೂ ಅಷ್ಟೇ ಎಂದು ಯಾರೋ ಅಂದರು. ತಂದೆ ಕೋಲನ್ನು ಮಗನ ಕೈಗೆ ಕೊಟ್ಟು ಹತ್ತಿ ಕುಳಿತರು. ಬಲಗಾಲು ಬ್ರೇಕಿನ ಮೇಲೆ, ಸನ್ನೆ ಡ್ರೈವಿಗೆ. ಬ್ರೇಕು ಬಿಟ್ಟರೆ ಗಾಡಿ ಮೆಲ್ಲಗೆ ತೆವಳಿತು. ಬದುವಿನ ಪಕ್ಕದ ದಿಣ್ಣೆ ಹತ್ತಿ, ತಿರುಗಿ, ಇಳಿಯುವಾಗ ಸಣ್ಣ ಗೇರಿಗೆ ಹಾಕಿ ಬಂದು ನಿಂತರು. ಎಡಗಾಲು ಇಡೀ ಹೊತ್ತು ಸುಮ್ಮನೆ ನೆಲದ ಮೇಲಿತ್ತು. ಎರಡು ನಿಮಿಷ ಯಾರ ಜೊತೆಗೂ ಮಾತಾಡಲಿಲ್ಲ. ಆಮೇಲೆ ಮಗನಿಗೆ ಹೇಳಿದ್ದು ಒಂದೇ ಮಾತು: “ನಾಳಿಂದ ಬಸ್ ಹತ್ತು.”

ತಂದೆತಾಯಂದಿರಿಗೆ ನನ್ನದೊಂದು ಅರಿಕೆ. ಮಗ ಗ್ಯಾರೇಜಿನಲ್ಲಿ ನಿಂತರೆ ಓದು ಕೆಟ್ಟಿತೆಂದು ಹೆದರುತ್ತೀರಿ. ಅಲ್ಲಿ ಅವನು ಏನು ನೋಡುತ್ತಿದ್ದಾನೆಂದು ಒಮ್ಮೆ ಕೇಳಿ. ಎಲ್ಲರೂ ಚಪ್ಪಾಳೆ ತಟ್ಟುವಾಗ ಅಲ್ಲಾಡದ ಮುಳ್ಳನ್ನು ಗಮನಿಸುವ ಕಣ್ಣು ಯಾವ ಟ್ಯೂಷನ್ನಿನಲ್ಲೂ ಸಿಗುವುದಿಲ್ಲ. ವಿದ್ಯಾರ್ಥಿಗಳಿಗೂ ಒಂದು ಮಾತು. ಆ ಮುಳ್ಳಿನ ಅರ್ಥ ಅವನಿಗೆ ಹೊಳೆದದ್ದು ಒತ್ತಡದ ಪಾಠವನ್ನು ಓದಿದ್ದರಿಂದ. ಕಣ್ಣು ಗ್ಯಾರೇಜಿನದು, ಅರ್ಥ ಪುಸ್ತಕದ್ದು.

ಹುಡುಗ ಈಗ ಕಾಲೇಜಿಗೆ ಹೋಗುತ್ತಿದ್ದಾನೆ. ಸದ್ಯಕ್ಕೆ ಬೇಲುಗಳು ಬಾಡಿಗೆ ಗಾಡಿಯಲ್ಲಿ ಹೋಗುತ್ತಿವೆ. ಪಿಕಪ್ಪಿನ ಮೂಲ ಗೇರ್‌ಬಾಕ್ಸನ್ನು ಗ್ರೀಸ್ ಬಳಿದು, ಗೋಣಿಯಲ್ಲಿ ಸುತ್ತಿ ಬ್ಯಾರನ್ನಿನ ಮೂಲೆಯಲ್ಲಿ ಇಟ್ಟಿದ್ದಾರೆ. ಛಾಸಿಗೆ ಒಂದು ತೂತನ್ನೂ ಹೊಸದಾಗಿ ಕೊರೆದಿಲ್ಲ. ಒಪ್ಪಿಗೆ ಸಿಗದಿದ್ದರೆ ಒಂದು ವಾರದಲ್ಲಿ ಎಲ್ಲವನ್ನೂ ಮೊದಲಿನಂತೆ ಜೋಡಿಸಬಹುದು. ಅಧಿಕಾರಿಗಳು ತಪಾಸಣೆಗೆ ಬರುವ ದಿನ ಇನ್ನೂ ಗೊತ್ತಾಗಿಲ್ಲ. ಆ ದಿನ ಕಾಲೇಜಿಗೆ ರಜೆ ಹಾಕಲು ಮಾತ್ರ ತಂದೆ ಅಪ್ಪಣೆ ಕೊಟ್ಟಿದ್ದಾರೆ.