ಬಿಸಿನೀರಿನ ಪಾಠಶಾಲೆ

ದಕ್ಷಿಣ ಕೊರಿಯಾದ ರಾಜಧಾನಿ ಸಿಯೋಲ್‌ನಿಂದ ವೇಗದ ರೈಲಿನಲ್ಲಿ ಸುಮಾರು ಒಂದು ಗಂಟೆ ದಕ್ಷಿಣಕ್ಕೆ ಪಯಣಿಸಿದರೆ ದೇಜೊನ್ ನಗರ. 1993ರ ಜಾಗತಿಕ ವಸ್ತುಪ್ರದರ್ಶನ ನಡೆದದ್ದು ಇಲ್ಲಿಯೇ. ಇಂದು ಇದು ಸಂಶೋಧನಾಲಯಗಳ ಊರು. ಅಂಥದೊಂದರಲ್ಲಿ ನನ್ನ ಪತ್ನಿಗೆ ಕೆಲಸ ದೊರೆಯಲು, ನಾನೂ ಕಾಲೇಜಿಗೆ ರಜೆ ಬರೆದುಕೊಟ್ಟು, ಐದು ವರ್ಷದ ಮಗಳ ಕೈಹಿಡಿದು 2024ರ ಮಾರ್ಚಿಯಲ್ಲಿ ಅಲ್ಲಿಗೆ ಹೋದೆ. ಕನ್ನಡ ಎಂ.ಎ. ಮಾಡಿ ಹತ್ತು ವರ್ಷ ಮಾತನ್ನೇ ಮಾರಿ ಬದುಕಿದವನು, ತರಕಾರಿಯಂಗಡಿಯಲ್ಲಿ ಬೆರಳು ತೋರಿಸುವ ಮೂಕನಾದೆ.

ಲಿಪಿಯೇನೋ ಮೂರೇ ದಿನಗಳಲ್ಲಿ ಕೈವಶವಾಯಿತು. ಸೇಜೊಂಗ್ ದೊರೆ 1446ರಲ್ಲಿ ಹೊರಡಿಸಿದ ಈ ಹಂಗುಲ್ ಲಿಪಿಯಲ್ಲಿ ಮೊದಲಿಗೆ 28 ಅಕ್ಷರಗಳಿದ್ದವು. ಈಗ ಮೂಲಾಕ್ಷರಗಳು 24. ಗಂಟಲನ್ನು ತಡೆಯುವ ನಾಲಿಗೆಯ ಚಿತ್ರವೇ ಕಕಾರ; ತುದಿಯೆತ್ತಿ ಹಲ್ಲಿನ ಹಿಂದೆ ತಾಗಿದ ನಾಲಿಗೆಯೇ ನಕಾರ. ಕಕಾರಕ್ಕೆ ಇನ್ನೊಂದು ಗೆರೆ ಎಳೆದರೆ ಮಹಾಪ್ರಾಣ! ಕಂಠ್ಯ, ತಾಲವ್ಯವೆಂದು ಪಾಠ ಹೇಳಿದವನಿಗೆ ಇದಕ್ಕಿಂತ ಹಬ್ಬ ಬೇಕೆ? ಬೀದಿಯ ಫಲಕಗಳನ್ನೆಲ್ಲ ಗಟ್ಟಿಯಾಗಿ ಓದುತ್ತ ತಿರುಗಿದೆ. ಅರ್ಥ ಮಾತ್ರ ಒಂದಕ್ಕೂ ತಿಳಿಯದು.

ಏಪ್ರಿಲ್ ತಿಂಗಳಲ್ಲಿ ಮಗಳ ಶಿಶುವಿಹಾರದಿಂದ ಒಂದು ಕಾಗದ ಬಂದಿತು. ಅವಳೆದುರಿಗೇ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮಡಿಚಿಟ್ಟೆ. ಫೋನಿಗೆ ತೋರಿಸಿದ್ದರೆ ಅದು ಅರ್ಥ ಹೇಳುತ್ತಿತ್ತು. ಓದಬಲ್ಲೆನೆಂಬ ಬಿಂಕ ಅಡ್ಡ ಬಂದಿತು. ‘ಸೋಫುಂಗ್’ ಎಂದರೆ ವನಭೋಜನವೆಂದೂ ‘ದೊಶಿರಾಕ್’ ಎಂದರೆ ಬುತ್ತಿಯೆಂದೂ ತಿಳಿದದ್ದು, ಮಾರನೆಯ ಸಂಜೆ ಅವಳು ಬಾಡಿದ ಮುಖದಿಂದ ಮರಳಿದಾಗ. ಉಳಿದ ಮಕ್ಕಳೆಲ್ಲ ಕಡಲಪಾಚಿಯ ಹಾಳೆಯಲ್ಲಿ ಸುತ್ತಿದ ಅನ್ನದ ಕಿಂಬಾಪ್ ಬಿಚ್ಚಿದ್ದರು. ಇವಳಿಗೆ ಉಪಾಧ್ಯಾಯಿನಿ ತಮ್ಮದರಲ್ಲಿ ಪಾಲು ಕೊಟ್ಟಿದ್ದರು.

“ಅಪ್ಪಾ, ನಿಂಗೆ ನಿಜವಾಗ್ಲೂ ಓದಕ್ಕೆ ಬರುತ್ತಾ?” ಎಂದಳು.

ಅಂದು ರಾತ್ರಿಯೇ ಸಂಕಲ್ಪ ಮಾಡಿದೆ: ದಿನಕ್ಕೊಂದು ಗಂಟೆ, ಏನೇ ಬರಲಿ, ಕೊರಿಯನ್ ಅಭ್ಯಾಸ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ! ಕೊರಿಯನ್ನರಲ್ಲಿಯೂ ಇದಕ್ಕೊಂದು ನುಡಿಯುಂಟು: ‘ಜಾಕ್‌ಸಿಮ್ ಸಾಮಿಲ್’, ಅಂದರೆ ಮೂರು ದಿನದ ಸಂಕಲ್ಪ. ನಾಲ್ಕನೆಯ ದಿನ ನನಗೂ ತಲೆನೋವು ಬಂದಿತು.

ಕಾಪಾಡಿದ್ದು ಯುಸೊಂಗ್. ಇದು ನಗರದ ಬಿಸಿನೀರಿನ ಬುಗ್ಗೆಗಳ ಬಡಾವಣೆ. ಬೀದಿಯ ಬದಿಯಲ್ಲೇ ಕಲ್ಲಿನ ಉದ್ದನೆಯ ತೊಟ್ಟಿ, ಕಾಸು ಕೊಡಬೇಕಾಗಿಲ್ಲ. ಪಾದರಕ್ಷೆ ಕಳಚಿ, ಕಾಲು ತೊಳೆದು, ಬಿಸಿನೀರಿನಲ್ಲಿ ಇಳಿಬಿಟ್ಟು ಕುಳಿತರಾಯಿತು. ಮಗಳನ್ನು ಶಿಶುವಿಹಾರಕ್ಕೆ ಬಿಟ್ಟು, ಪುಸ್ತಕ ಹಿಡಿದು ದಿನವೂ ಅಲ್ಲಿಗೆ ಹೋಗತೊಡಗಿದೆ. ತೊಟ್ಟಿ ಮುಚ್ಚಿದ ದಿನ ಗಾಪ್ಚೊನ್ ಹೊಳೆಯ ದಂಡೆಯ ಬೆಂಚು.

ವಾಕ್ಯರಚನೆ ಕಷ್ಟವೆನಿಸಲಿಲ್ಲ. ‘ನಾನು ಶಾಲೆಗೆ ಹೋಗುತ್ತೇನೆ’ ಎಂಬ ನಮ್ಮ ಅನುಕ್ರಮವೇ ಅವರದೂ. ಪ್ರತ್ಯಯಗಳು ಹಿಂದೆ, ಕ್ರಿಯಾಪದ ಕೊನೆಗೆ. ಹೋಮರ್ ಹಲ್ಬರ್ಟ್ ಎಂಬ ಅಮೆರಿಕನ್ನರು 1905ರಲ್ಲಿ ಕೊರಿಯನ್ನಿಗೂ ದ್ರಾವಿಡ ಭಾಷೆಗಳಿಗೂ ತೌಲನಿಕ ವ್ಯಾಕರಣವನ್ನೇ ಬರೆದರು. ಆ ನಂಟನ್ನು ಭಾಷಾವಿಜ್ಞಾನಿಗಳು ಒಪ್ಪುವುದಿಲ್ಲ. ಕಲಿಯುವವನಿಗೆ ಸಮಾಧಾನವಂತೂ ಉಂಟು. ಸೋಲಿಸಿದ್ದು ಉಚ್ಚಾರಣೆ. ಚಂದ್ರ, ಮಗಳು, ಮುಖವಾಡ, ಮೂರೂ ನನ್ನ ಕಿವಿಗೆ ‘ತಾಲ್’. ನಾಲಿಗೆಯ ಬಿಗಿಯಲ್ಲಿ, ಉಸಿರಿನಲ್ಲಿ ಮಾತ್ರ ಭೇದ. ‘ನನಗೊಬ್ಬ ಮಗಳಿದ್ದಾಳೆ’ ಎಂದು ಎಷ್ಟು ಜನಕ್ಕೆ ಮುಖವಾಡದ ಸುದ್ದಿ ಹೇಳಿದೆನೋ! ಸಾಲದ್ದಕ್ಕೆ ಸಂಖ್ಯೆಗಳು ಎರಡು ಬಗೆ: ಗಂಟೆಯನ್ನು ದೇಶ್ಯದಲ್ಲಿ ಹೇಳಿ, ನಿಮಿಷವನ್ನು ಚೀನೀ ಮೂಲದ್ದರಲ್ಲಿ ಹೇಳಬೇಕು.

ತೊಟ್ಟಿಯಲ್ಲಿ ದಿನವೂ ಎದುರಾಗುತ್ತಿದ್ದ, ಎಂಬತ್ತು ದಾಟಿದ ಅಜ್ಜಿಯೊಬ್ಬರನ್ನು ಒಂದು ದಿನ ಧೈರ್ಯಮಾಡಿ, “ಬಾಪ್ ಮೊಗೊಸ್ಸೊ?” ಎಂದು ಕೇಳಿದೆ. ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು. ವಾಕ್ಯ ಕಲಿಸಿದ್ದು ಮಗಳು. ಅವಳಿಗೆ ಕಲಿಸಿದ್ದು ಓರಗೆಯ ಮಕ್ಕಳು. ನಾನು ಆ ಹಿರಿಯರಿಗೆ “ಏನೇ, ಉಂಡ್ಯಾ?” ಎಂದಿದ್ದೆ! ಅಜ್ಜಿ ಕೋಪಿಸಿಕೊಳ್ಳಲಿಲ್ಲ. ಹಿರಿಯರು ಉಂಡರೆ ಅನ್ನದ ಹೆಸರೇ ‘ಜಿಂಜಿ’ ಎಂದಾಗುತ್ತದೆ, ಕ್ರಿಯಾಪದವೂ ಬೇರೆಯಾಗುತ್ತದೆ ಎಂದು ಹತ್ತು ಸಲ ಹೇಳಿಸಿದರು. ಅಂದಿನಿಂದ ನಾನು ತಪ್ಪಿಸಿಕೊಂಡ ದಿನಕ್ಕೆ ಅವರಿಗೆ ಕಾರಣ ಹೇಳಬೇಕಾಯಿತು, ಅದೂ ಕೊರಿಯನ್ನಿನಲ್ಲಿ. ಕಾರಣ ಕಟ್ಟುವುದಕ್ಕಿಂತ ಹೋಗುವುದೇ ಸುಲಭವಾಗಿತ್ತು.

ಅಕ್ಟೋಬರಿನಲ್ಲಿ ಮತ್ತೊಂದು ಕಾಗದ ಬಂದಿತು. ಸೋಫುಂಗ್, ದೊಶಿರಾಕ್, ನೀರು, ಟೋಪಿ ಎಲ್ಲ ತಿಳಿಯಿತು. ‘ದೊತ್‌ಚಾರಿ’ ಎಂಬೊಂದು ಪದ ಉಳಿಯಿತು. ಫೋನು ಜೇಬಿನಲ್ಲಿಯೇ ಇದ್ದಿತು. ಕಾಗದವನ್ನು ಅಜ್ಜಿಯ ಮುಂದೆ ಹಿಡಿದೆ. ಅವರು ಪಕ್ಕದ ಕಲ್ಲಿನ ಮೇಲೆ ಎರಡೂ ಕೈಗಳಿಂದ ಏನನ್ನೋ ಹಾಸಿ, ಅಂಚು ಸರಿಪಡಿಸಿ, ಅದರ ಮೇಲೆ ಅಂಗೈ ತಟ್ಟಿ ತೋರಿಸಿದರು. ಚಾಪೆ!

ಮರುದಿನ 14ನೆಯ ತಾರೀಖು. ನಾಲ್ಕು ಮತ್ತು ಒಂಬತ್ತರಿಂದ ಮುಗಿಯುವ ತಾರೀಖುಗಳಂದು ಯುಸೊಂಗ್‌ನಲ್ಲಿ ಸಂತೆ. ಮೂಲಂಗಿ, ಒಣಮೀನು, ಮೆಣಸಿನಕಾಯಿಗಳ ರಾಶಿಗಳನ್ನು ದಾಟಿ, ಬೆರಳನ್ನು ಜೇಬಿನಲ್ಲಿಯೇ ಇಟ್ಟುಕೊಂಡು, “ದೊತ್‌ಚಾರಿ ಹಾನಾ ಚುಸೆಯೊ” ಎಂದೆ. ಒಂದು ಚಾಪೆ ಕೊಡಿ.

ಎಷ್ಟು ಜನ ಕೂರುವುದಕ್ಕೆ ಎಂದು ಅಂಗಡಿಯವನು ಕೇಳಿದ. “ದು ಮ್ಯೊಂಗ್” ಎಂದೆ, ಇಬ್ಬರಿಗೆ. ಅವನು ಹಸುರು ಚಾಪೆಯೊಂದನ್ನು ಸುತ್ತಿ, ದಾರ ಕಟ್ಟಿ, ನನ್ನ ಕೈಗಿಟ್ಟು, ಮುಂದಿನ ಗಿರಾಕಿಯತ್ತ ತಿರುಗಿದ.