ಸಂಶೋಧನ ಲೇಖನದ ಸಾರಲೇಖ

ಸಂಶೋಧನ ಲೇಖನದ ತಲೆಯಲ್ಲಿ ನಿಲ್ಲುವ 200-250 ಪದಗಳ ಸಾರಲೇಖವನ್ನು ನಮ್ಮ ಸಂಶೋಧನಾರ್ಥಿಗಳು ಸಾಮಾನ್ಯವಾಗಿ ಕೊನೆಯ ಗಳಿಗೆಯಲ್ಲಿ ಬರೆಯುತ್ತಾರೆ. ಪೀಠಿಕೆಯ ಮೊದಲ ಕಂಡಿಕೆಯನ್ನು ಎತ್ತಿ ತಂದು, ಕೊನೆಗೆ ‘ಚರ್ಚಿಸಲಾಗಿದೆ’ ಎಂದು ಸೇರಿಸಿದರೆ ಕೆಲಸ ಮುಗಿಯಿತೆಂಬ ಭಾವನೆ ಬಲವಾಗಿದೆ. ಏನನ್ನು ಹುಡುಕಲಾಯಿತು ಎಂಬುದಕ್ಕಿಂತ ಏನು ದೊರೆಯಿತು ಎಂಬುದು ಅಲ್ಲಿ ಬರಬೇಕು.

ಶ್ರವಣಬೆಳಗೊಳದ ಚಿಕ್ಕಬೆಟ್ಟದ ನಿಸಿದಿ ಶಾಸನಗಳನ್ನು ಕುರಿತು ವಿದ್ಯಾರ್ಥಿನಿಯೊಬ್ಬಳು ಲೇಖನ ಸಿದ್ಧಪಡಿಸುತ್ತಿದ್ದಾಳೆಂದು ಭಾವಿಸಬಹುದು. ಅವಳ ಸಾರಲೇಖದ ಕರಡು ‘ಜೈನಧರ್ಮವು ಕರ್ನಾಟಕದ ಪ್ರಾಚೀನ ಧರ್ಮಗಳಲ್ಲೊಂದು’ ಎಂದು ತೊಡಗುತ್ತದೆ. ಮಾತು ನಿಜ, ಆದರೆ ಅದು ಅವಳ ಶೋಧವಲ್ಲ. ‘ಎಲ್ಲ ಶಾಸನಗಳ ಮಹತ್ವವನ್ನು ವಿವೇಚಿಸಲಾಗಿದೆ’ ಎಂಬ ಮುಂದಿನ ವಾಕ್ಯ ಇನ್ನೂ ಟೊಳ್ಳು. ‘ಎಲ್ಲ’ ಎಂದರೆ ಎಷ್ಟು? ಎಪಿಗ್ರಾಫಿಯಾ ಕರ್ನಾಟಿಕದ ಎರಡನೆಯ ಸಂಪುಟವನ್ನು ಬಿ. ಎಲ್. ರೈಸ್ 1889ರಲ್ಲಿ ಪ್ರಕಟಿಸಿದಾಗ ಬೆಳಗೊಳದ ಶಾಸನಗಳು 144, ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ 500. 1973ರ ಆವೃತ್ತಿಯಲ್ಲಿ 573. ಆವೃತ್ತಿಯನ್ನು ಹೆಸರಿಸದಿದ್ದರೆ ಆ ‘ಎಲ್ಲ’ಕ್ಕೆ ಅರ್ಥವಿಲ್ಲ.

‘ಚಿಕ್ಕಬೆಟ್ಟದ 7-8ನೆಯ ಶತಮಾನದ ನಿಸಿದಿ ಶಾಸನಗಳು ನೋಂತವರನ್ನು ಹೆಸರಿಸುತ್ತವೆ, ಆದರೆ ಬಹುಮಟ್ಟಿಗೆ ಶಕವರ್ಷವನ್ನು ಹೇಳುವುದಿಲ್ಲ, ಆದುದರಿಂದ ಇವುಗಳ ಕಾಲನಿರ್ಣಯಕ್ಕೆ ಲಿಪಿಯೇ ಮುಖ್ಯ ಆಧಾರ’ ಎಂದು ಅವಳು ಬರೆದರೆ ಓದುಗನ ಕೈಗೆ ಏನಾದರೂ ಸಿಕ್ಕುತ್ತದೆ. ಹೊಸ ಸಂಗತಿಯೇನಲ್ಲ, ಆದರೂ ಒಪ್ಪಲು ಅಥವಾ ಅಲ್ಲಗಳೆಯಲು ಬರುವ ಮಾತು. ಪದಮಿತಿಗಾಗಿ ಕತ್ತರಿಸುವಾಗ ಮೊದಲು ಬಲಿಯಾಗುವುದು ‘ಬಹುಮಟ್ಟಿಗೆ’ ಎಂಬಂಥ ಪದ. ಅದನ್ನು ತೆಗೆದರೆ ವಾಕ್ಯ ಚುರುಕಾಗುತ್ತದೆ, ಸುಳ್ಳೂ ಆಗುತ್ತದೆ.

ವಿಚಾರಸಂಕಿರಣಗಳ ಪದ್ಧತಿ ಈ ಅಪಾಯವನ್ನು ಹೆಚ್ಚಿಸಿದೆ. ಅಲ್ಲಿ ಸಾರಲೇಖ ಮೊದಲು ಹೋಗುತ್ತದೆ, ಪ್ರಬಂಧ ತಿಂಗಳುಗಳ ಅನಂತರ ಹುಟ್ಟುತ್ತದೆ. ಆಕರಗಳು ಬೇರೆಯದನ್ನೇ ನುಡಿದರೂ ಮೊದಲು ಕೊಟ್ಟ ಆಶ್ವಾಸನೆ ಹಾಗೆಯೇ ಅಚ್ಚಾಗುತ್ತದೆ. ಪ್ರಬಂಧ ಮುಗಿದ ಮೇಲೆ ಹಳೆಯದನ್ನು ಬದಿಗಿಟ್ಟು ಹೊಸದಾಗಿ ಬರೆಯುವುದೇ ಸರಿ. ಆಗ ಶೋಧವನ್ನು ಹೇಳುವ ಒಂದು ವಾಕ್ಯವೂ ಮೂಡದಿದ್ದರೆ ಕೊರತೆ ಸಾರಲೇಖದ್ದಲ್ಲ, ಪ್ರಬಂಧದ್ದು. ಮಾಹಿತಿ ಸಂಗ್ರಹವನ್ನೇ ಸಂಶೋಧನೆಯೆಂದು ತಿಳಿದಿರುವುದು ಅಲ್ಲಿ ಬಯಲಾಗುತ್ತದೆ.

ಅಡಕವಾಗಿರಬೇಕೆಂದೊಡನೆ ಸೂತ್ರಶೈಲಿ ನೆನಪಾಗುವುದು ಸಹಜ. ಆದರೆ ಕೇಶಿರಾಜನು ಶಬ್ದಮಣಿದರ್ಪಣದ ಸೂತ್ರಗಳಿಗೆ ವೃತ್ತಿ, ಪ್ರಯೋಗಗಳನ್ನೂ ಕೊಟ್ಟಿದ್ದಾನೆ. ಸಾರಲೇಖಕ್ಕೆ ಆ ಆಸರೆಯಿಲ್ಲ; ಸೂಚಿಗಳಲ್ಲಿ, ದತ್ತಕೋಶಗಳಲ್ಲಿ ಅದು ಒಂಟಿಯಾಗಿ ಸಂಚರಿಸುತ್ತದೆ. ಕನ್ನಡ ಬಾರದ ವಿದ್ವಾಂಸನಿಗಂತೂ ಅದರ ಇಂಗ್ಲಿಷ್ ರೂಪವೇ ಇಡೀ ಲೇಖನ. ಆ ಅನುವಾದವನ್ನು ಲೇಖನ ಓದದವರಿಗೆ ಒಪ್ಪಿಸಿದರೆ ನಿಸಿದಿ ‘ಟೂಂಬ್’ ಆದೀತು, ಸಲ್ಲೇಖನ ‘ಸೂಯಿಸೈಡ್’ ಆದೀತು. ಈ ಎರಡನೆಯ ಸಮೀಕರಣವನ್ನೇ ಕುರಿತು 2015ರಲ್ಲಿ ರಾಜಸ್ಥಾನ ಹೈಕೋರ್ಟಿನ ತೀರ್ಪು ಬಂದು, ಅದೇ ತಿಂಗಳು ಸುಪ್ರೀಂ ಕೋರ್ಟು ಅದಕ್ಕೆ ತಡೆ ನೀಡಿತ್ತು. ಅಂಥ ಪದವನ್ನು ಸಲ್ಲೇಖನವೆಂದೇ ಉಳಿಸಿ, ಪಕ್ಕದಲ್ಲಿ ಅರ್ಧ ಸಾಲಿನ ವಿವರಣೆ ಕೊಡಲು ಐದಾರು ಪದಗಳು ಸಾಕು.